ಪಟ್ಟಿ ಹೋಗಬೇಕು, ಬಣ್ಣ ಉಳಿಯಬೇಕು

ಪ್ರಶ್ನೆ: 2013ರ ಮಾದರಿಯ ಕೆಂಪು ಬಣ್ಣದ ಸಣ್ಣ ಕಾರೊಂದನ್ನು ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಹಿಂದಿನ ಮಾಲೀಕರು ಬಾನೆಟ್ ಮೇಲೆ ಎರಡು ಅಗಲವಾದ ಕಪ್ಪು ಸ್ಟಿಕ್ಕರ್ ಪಟ್ಟಿಗಳನ್ನೂ ಎರಡೂ ಬದಿಯ ಬಾಗಿಲುಗಳ ಉದ್ದಕ್ಕೆ ಬೆಳ್ಳಿ ಬಣ್ಣದ ರೇಡಿಯಂ ಪಟ್ಟಿಯನ್ನೂ ಅಂಟಿಸಿದ್ದಾರೆ. ಬಾನೆಟ್ ಮೇಲಿನದು ಬಿರುಕು ಬಿಟ್ಟು ಅಂಚುಗಳು ಮುರುಟಿವೆ. ಒಂದು ಗ್ಯಾರೇಜಿನವರು ಬ್ಲೇಡಿನಿಂದ ಹೆರೆದು ಕೊಡುತ್ತೇವೆ ಎಂದರು. ಇನ್ನೊಬ್ಬರು ಥಿನ್ನರ್ ಹಾಕಿ ಒರೆಸಿದರೆ ಐದು ನಿಮಿಷದ ಕೆಲಸ ಎಂದರು. ನನಗೆ ಎರಡಕ್ಕೂ ಧೈರ್ಯ ಬರುತ್ತಿಲ್ಲ. ಬಣ್ಣ ಕೆಡದಂತೆ ಮನೆಯಲ್ಲೇ ತೆಗೆಯಲು ಸಾಧ್ಯವೇ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಸಾಧ್ಯ. ನಿಮಗೆ ಧೈರ್ಯ ಬರದಿದ್ದುದೇ ಒಳ್ಳೆಯದಾಯಿತು. ಕಾರಿನ ಮೈಮೇಲೆ ಕಾರ್ಖಾನೆಯಲ್ಲಿ ಬಳಿದ ಬಣ್ಣದ ಎಲ್ಲ ಪದರಗಳನ್ನು ಸೇರಿಸಿದರೂ ಅದರ ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ತಲೆಗೂದಲನ್ನು ಒಂದರ ಮೇಲೊಂದು ಇಟ್ಟಷ್ಟು. ಅದರಲ್ಲೂ ಹೊಳಪನ್ನು ಕೊಟ್ಟು ಬಿಸಿಲನ್ನು ತಡೆಯುವ ಮೇಲಿನ ಪಾರದರ್ಶಕ ಪದರ, ಪೇಂಟರುಗಳು ಕ್ಲಿಯರ್ ಕೋಟ್ ಎನ್ನುವುದು, ಸುಮಾರು 40 ಮೈಕ್ರಾನ್ ಮಾತ್ರ. ಶೇವಿಂಗ್ ಬ್ಲೇಡಿನ ಮೂಲೆ ಒಮ್ಮೆ ಜಾರಿದರೆ ಈ ಪದರವನ್ನು ದಾಟಿ ಕೆಳಗಿಳಿಯುವುದಕ್ಕೆ ಅರೆಕ್ಷಣ ಸಾಕು. ಹಾಗೆ ಬಿದ್ದ ಗೀರನ್ನು ಯಾವ ಪಾಲಿಶ್ ಕೂಡ ಮುಚ್ಚಲಾರದು. ನನ್ನ ಮೊದಲ ಕಾರಿನ ಎಡ ಬಾಗಿಲಿನಲ್ಲಿ ಅಂಥ ಗೀರು ಗೇಣುದ್ದಕ್ಕೆ ಇತ್ತು. ಗ್ಯಾರೇಜೊಂದರಲ್ಲಿ ನನ್ನ ಕಣ್ಣೆದುರಿಗೇ ಬ್ಲೇಡಿನಿಂದ ಹೆರೆದಾಗ ಬಿದ್ದದ್ದು ಅದು, ಕಾರು ಮಾರುವವರೆಗೂ ಹೋಗಲಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಪಟ್ಟಿಯ ಕೆಳಗಿರುವುದು ಕಾರ್ಖಾನೆಯ ಬಣ್ಣವೋ, ಆಮೇಲೆ ಗ್ಯಾರೇಜಿನಲ್ಲಿ ಬಳಿಸಿದ್ದೋ ಎಂಬುದನ್ನು ತಿಳಿದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರಿನ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡಿರುತ್ತಾರೆ, ಆದ್ದರಿಂದ ಅದು ತಗಡನ್ನು ಬಿಗಿಯಾಗಿ ಹಿಡಿದಿರುತ್ತದೆ. ಗ್ಯಾರೇಜಿನಲ್ಲಿ ಬಳಿದದ್ದು ಹೆಚ್ಚೆಂದರೆ 60 ಡಿಗ್ರಿಯಲ್ಲಿ, ಎಷ್ಟೋ ಕಡೆ ಬರೀ ಗಾಳಿಯಲ್ಲಿ ಒಣಗಿದ್ದು. ಕೆಳಗಿನ ಮೇಲ್ಮೈಯನ್ನು ಸರಿಯಾಗಿ ಉಜ್ಜದೆ ಬಳಿದಿದ್ದರೆ ಸ್ಟಿಕ್ಕರ್ ಜೊತೆಗೆ ಬಣ್ಣವೂ ಹಪ್ಪಳದಂತೆ ಎದ್ದು ಬರಬಹುದು. ಪತ್ತೆ ಮಾಡುವುದು ಕಷ್ಟವಲ್ಲ. ಬಾನೆಟ್ ತೆರೆದು ಅದರ ಒಳಮೈಯ ಬಣ್ಣವನ್ನೂ ಹೊರಗಿನ ಬಣ್ಣವನ್ನೂ ಹೋಲಿಸಿ ನೋಡಿ. ಬಾಗಿಲಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಸರಿಸಿ, ಅದರ ಅಡಿಯಲ್ಲಿ ಬಣ್ಣ ನಿಂತುಹೋದ ಗೆರೆಯೇನಾದರೂ ಕಾಣುತ್ತದೆಯೇ ಗಮನಿಸಿ. ಬಾನೆಟ್ ಹಿಂಜಿನ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ತಾಗಿದ ಗುರುತಿದ್ದರೆ ಅದನ್ನು ಯಾವಾಗಲೋ ಬಿಚ್ಚಿದ್ದಾರೆಂದು ತಿಳಿಯಿರಿ. ಅನುಮಾನ ಉಳಿದರೆ ಪಟ್ಟಿಯ ಒಂದು ಮೂಲೆಯಲ್ಲಿ ಬೆರಳಗಲದಷ್ಟನ್ನು ಮಾತ್ರ ಎಬ್ಬಿಸಿ, ಅಂಟಿನ ಕಡೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಅಲ್ಲಿ ಕೆಂಪು ಚೂರುಗಳು ಕಂಡರೆ ಅಷ್ಟಕ್ಕೇ ನಿಲ್ಲಿಸಿ. ಆಗ ಒಳ್ಳೆಯ ಪೇಂಟರ್ ಬಳಿಗೆ ಹೋಗುವುದೊಂದೇ ದಾರಿ.

ಬಣ್ಣ ಮೂಲದ್ದೇ ಎಂದಾದರೆ ನಿಮಗೆ ಬೇಕಾದ ಮುಖ್ಯ ಉಪಕರಣ ಮನೆಯಲ್ಲಿ ಕೂದಲು ಒಣಗಿಸಲು ಬಳಸುವ ಹೇರ್ ಡ್ರೈಯರ್. ಸ್ಟಿಕ್ಕರಿನ ಪಿವಿಸಿ ಹಾಳೆಗೆ ಮೃದುತ್ವ ಕೊಡಲು ಬೆರೆಸಿದ ಪದಾರ್ಥ ವರ್ಷಗಟ್ಟಲೆ ಬಿಸಿಲಿಗೆ ಆರಿಹೋಗಿರುತ್ತದೆ. ನಿಮ್ಮ ಬಾನೆಟ್ ಮೇಲಿನ ಪಟ್ಟಿ ಬಿರಿದಿರುವುದು ಅದೇ ಕಾರಣಕ್ಕೆ. ಶಾಖ ಕೊಟ್ಟಾಗ ಆ ಹಾಳೆ ತಾತ್ಕಾಲಿಕವಾಗಿ ಮೆತ್ತಗಾಗುತ್ತದೆ, ಅಡಿಯ ಅಂಟೂ ಸಡಿಲವಾಗುತ್ತದೆ. ಮೊದಲು ಕಾರನ್ನು ಶಾಂಪೂ ನೀರಿನಿಂದ ಚೆನ್ನಾಗಿ ತೊಳೆಯಿರಿ, ಏಕೆಂದರೆ ಪಟ್ಟಿಯ ಅಂಚಿನಲ್ಲಿ ಕೂತ ಧೂಳೇ ಆಮೇಲೆ ಮರಳು ಕಾಗದದಂತೆ ಗೀಚುತ್ತದೆ. ಒರೆಸಿ ಒಣಗಿಸಿದ ಮೇಲೆ ಡ್ರೈಯರನ್ನು ಗೇಣು ದೂರದಲ್ಲಿ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ ಆಡಿಸುತ್ತಾ, ಒಂದು ಸಲಕ್ಕೆ ಅರ್ಧ ಅಡಿಯಷ್ಟನ್ನು ಮಾತ್ರ ಬಿಸಿ ಮಾಡಿ. ಅಂಗೈಯ ಹಿಂಬದಿಯನ್ನು ತಾಗಿಸಿದಾಗ ಎರಡು ಕ್ಷಣಕ್ಕಿಂತ ಹೆಚ್ಚು ಇಡಲಾಗದಷ್ಟು ಬಿಸಿ, ಅಂದರೆ 50ರಿಂದ 60 ಡಿಗ್ರಿ, ಸರಿಯಾದ ಹದ. ಅದಕ್ಕಿಂತ ಹೆಚ್ಚಾದರೆ ಹಾಳೆ ಮಾತ್ರ ಹಿಗ್ಗಿ ಕಿತ್ತುಬಂದು ಅಂಟೆಲ್ಲ ಬಣ್ಣದ ಮೇಲೆಯೇ ಉಳಿದುಬಿಡುತ್ತದೆ. ಗ್ಯಾರೇಜಿನ ಹೀಟ್ ಗನ್ ಬೇಡ. ಅದರ ಬಾಯಲ್ಲಿ ಬರುವ ಗಾಳಿ 500 ಡಿಗ್ರಿಯನ್ನೂ ಮೀರಬಲ್ಲದು, ಕೈ ಪಳಗದವರು ಬಳಸಿದರೆ ಬಣ್ಣ ಗುಳ್ಳೆ ಏಳುತ್ತದೆ.

ಮೂಲೆಯನ್ನು ಉಗುರಿನಿಂದಲೋ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದಲೋ ಎಬ್ಬಿಸಿ. ಎದ್ದ ತುದಿಯನ್ನು ನೇರವಾಗಿ ಮೇಲಕ್ಕೆ ಎಳೆಯಬೇಡಿ. ಹಿಂದಕ್ಕೆ ಮಡಚಿ, ಬಾನೆಟ್ಟಿಗೆ ಸಮೀಪವಾಗಿಯೇ ಇಟ್ಟುಕೊಂಡು, ಗಾಯಕ್ಕೆ ಅಂಟಿದ ಪಟ್ಟಿಯನ್ನು ಮಗುವಿನ ಕೈಯಿಂದ ಬಿಡಿಸುವಷ್ಟು ನಿಧಾನವಾಗಿ ಎಳೆಯಿರಿ. ಹಾಳೆಗೂ ಬಣ್ಣಕ್ಕೂ ನಡುವೆ ಅಂಟು ಸಣ್ಣ ಬಿಳಿ ಎಳೆಗಳಾಗಿ ಹಿಗ್ಗಿ, ಒಂದೊಂದಾಗಿ ಬಣ್ಣದ ಕಡೆಯಿಂದ ಬಿಟ್ಟುಕೊಂಡು ಹಾಳೆಯ ಕಡೆಗೆ ಸೇರುತ್ತಿದ್ದರೆ ಶಾಖವೂ ವೇಗವೂ ಸರಿಯಾಗಿವೆ ಎಂದರ್ಥ. ಎಳೆಗಳು ಬಣ್ಣದ ಮೇಲೆಯೇ ಉಳಿಯುತ್ತಿದ್ದರೆ ಸ್ವಲ್ಪ ತಣಿಯಲು ಬಿಡಿ, ಹಾಳೆ ಚಟಚಟನೆ ಹರಿಯುತ್ತಿದ್ದರೆ ಇನ್ನಷ್ಟು ಬಿಸಿ ಮಾಡಿ. ನನ್ನ ಈಗಿನ ಕಾರಿನ ಬಾಗಿಲಿನಿಂದ ನಾಲ್ಕು ಅಡಿಯ ಒಂದೇ ಪಟ್ಟಿ ತೆಗೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಹೊತ್ತನ್ನು ದುಬಾರಿ ಎಂದುಕೊಳ್ಳಬೇಡಿ, ಬಾಗಿಲಿಗೆ ಮತ್ತೆ ಬಣ್ಣ ಬಳಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಬದಿಯ ರೇಡಿಯಂ ಪಟ್ಟಿಗೆ ಇನ್ನೂ ಹೆಚ್ಚು ಹೊತ್ತು ಬೇಕಾದೀತು. ನಮ್ಮ ಅಂಗಡಿಗಳಲ್ಲಿ ರೇಡಿಯಂ ಎಂದು ಕರೆಯುವ ಈ ಹಾಳೆಯಲ್ಲಿ ರೇಡಿಯಂ ಇಲ್ಲ, ಬೆಳಕನ್ನು ಹಿಂದಿರುಗಿಸುವ ಪದರಗಳಿವೆ. ಹಳೆಯದಾದಾಗ ಆ ಪದರಗಳು ಒಂದರಿಂದೊಂದು ಬಿಟ್ಟು, ಹಾಳೆ ಉಗುರಿನಗಲದ ಚೂರುಗಳಾಗಿ ಬರುತ್ತದೆ. ಅದನ್ನು ಒಂದೇ ದಿನ ಮುಗಿಸುತ್ತೇನೆಂದು ಹಟ ಹಿಡಿಯಬೇಡಿ.

ಹಾಳೆ ಹೋದ ಮೇಲೂ ಅಲ್ಲಲ್ಲಿ ಅಂಟು ಉಳಿದೇ ಉಳಿಯುತ್ತದೆ. ಇದಕ್ಕೆ ಪೇಂಟ್ ಅಂಗಡಿಯಲ್ಲಿ ಸಿಗುವ ಮಿನರಲ್ ಟರ್ಪೆಂಟೈನ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಮನೆಯಲ್ಲಿ ಸೀಮೆಎಣ್ಣೆ ಇದ್ದರೆ ಅದೂ ನಡೆಯುತ್ತದೆ. ಮೊದಲು ಹೊರಗೆ ಕಾಣದ ಒಂದು ಜಾಗದಲ್ಲಿ ಸವರಿ ನೋಡಿ, ಬಣ್ಣ ಮಂಕಾಗದಿದ್ದರೆ ಮಾತ್ರ ಮುಂದುವರಿಯಿರಿ. ಬಟ್ಟೆಯನ್ನು ನೆನೆಸಿ ಅಂಟಿನ ಮೇಲೆ ಎರಡು ಮೂರು ನಿಮಿಷ ಹಾಗೇ ಇಟ್ಟರೆ ಅಂಟು ಉಬ್ಬಿ, ಬೆರಳಿನ ತುದಿಯಿಂದ ಉಂಡೆಯಾಗಿ ಉರುಳಿ ಬರುತ್ತದೆ. ತಿಕ್ಕುವ ಅಗತ್ಯವೇ ಬೀಳುವುದಿಲ್ಲ. ಥಿನ್ನರನ್ನು ನಾನು ಬೇಡವೆನ್ನುವುದಕ್ಕೆ ಕಾರಣವಿದೆ. ಕಾರ್ಖಾನೆಯ ಗಟ್ಟಿ ಬಣ್ಣ ಅದರ ಕ್ಷಣಕಾಲದ ಸ್ಪರ್ಶವನ್ನು ತಾಳಿಕೊಂಡರೂ, ಗ್ಯಾರೇಜಿನಲ್ಲಿ ಬಳಿದ ಎನ್‌ಸಿ (ನೈಟ್ರೋಸೆಲ್ಯುಲೋಸ್, ಗಾಳಿಯಲ್ಲೇ ಒಣಗುವ ಬಗೆಯ) ಬಣ್ಣ ಅದಕ್ಕೆ ಕೂಡಲೇ ಕರಗುತ್ತದೆ, ಪ್ಲಾಸ್ಟಿಕ್ ಬಂಪರ್ ಮತ್ತು ಲೈಟಿನ ಮುಚ್ಚಳಗಳು ಮಂಕಾಗುತ್ತವೆ. ಪೆಟ್ರೋಲನ್ನಂತೂ ಮುಟ್ಟಲೇಬೇಡಿ. ಟರ್ಪೆಂಟೈನ್, ಆಲ್ಕೊಹಾಲ್ ಕೂಡ ಬೆಂಕಿಗೆ ತುತ್ತಾಗುವಂಥವು. ಆದ್ದರಿಂದ ಡ್ರೈಯರಿನ ಕೆಲಸ ಪೂರ್ತಿ ಮುಗಿದು, ತಗಡು ತಣ್ಣಗಾಗಿ, ಡ್ರೈಯರಿನ ಪ್ಲಗ್ ಕಿತ್ತ ಮೇಲೆಯೇ ಇವುಗಳ ಮುಚ್ಚಳ ತೆರೆಯಿರಿ. ಮುಚ್ಚಿದ ಶೆಡ್ಡಿನೊಳಗೆ ಈ ಕೆಲಸ ಬೇಡ, ಗಾಳಿಯಾಡುವ ನೆರಳು ಒಳ್ಳೆಯದು. ಕೊನೆಗೆ ಶಾಂಪೂ ನೀರಿನಿಂದ ಮತ್ತೊಮ್ಮೆ ತೊಳೆದು, ಆ ಜಾಗಕ್ಕೆ ವ್ಯಾಕ್ಸ್ ಹಚ್ಚಿ. ಅಂಟಿನ ಜೊತೆಗೆ ಹಳೆಯ ವ್ಯಾಕ್ಸೂ ಹೋಗಿ ಅಲ್ಲಿ ಬಣ್ಣ ಬರಿಮೈಯಲ್ಲಿರುತ್ತದೆ.

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಕಾರಿನ ಎರಡೂ ಬದಿಗೆ ತೆಳುವಾದ ಚಿನ್ನದ ಬಣ್ಣದ ಗೆರೆಗಳಿವೆ. ಹೇರ್ ಡ್ರೈಯರ್ ಹಿಡಿದು ನೋಡಿದೆ, ಏನೂ ಆಗಲಿಲ್ಲ. ಇನ್ನೇನು ಮಾಡಬಹುದು?
- ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಕಾರಿನ ಗೆರೆ ಅಂಟಿಸಿದ್ದಲ್ಲ, ಬಳಿದದ್ದು ಇರಬೇಕು. ಕಣ್ಣು ಮುಚ್ಚಿ ಉಗುರಿನ ತುದಿಯನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಗೆರೆ ಕ್ಲಿಯರ್ ಕೋಟಿನ ಕೆಳಗಿದೆ. ಅದನ್ನು ತೆಗೆಯಬೇಕೆಂದರೆ ಕ್ಲಿಯರ್ ಕೋಟನ್ನೇ ತೆಗೆಯಬೇಕು, ಅಂದರೆ ಆ ಬಾಗಿಲಿಗೆ ಹೊಸದಾಗಿ ಬಣ್ಣ ಬಳಿಸಬೇಕು. ಉಗುರಿಗೆ ಸಣ್ಣ ಮೆಟ್ಟಿಲು ಸಿಕ್ಕಿದರೆ ಗೆರೆ ಮೇಲಿನಿಂದ ಬಳಿದದ್ದು. ಅದನ್ನು 2000 ಮತ್ತು 3000 ನಂಬರಿನ ನೀರು ಕಾಗದದಿಂದ, ಅಂದರೆ ನೀರು ಹಾಕಿ ಉಜ್ಜುವ ಅತಿ ನಯವಾದ ಮರಳು ಕಾಗದದಿಂದ, ಸೂಕ್ಷ್ಮವಾಗಿ ಉಜ್ಜಿ ತೆಗೆಯಬಲ್ಲ ಪೇಂಟರುಗಳಿದ್ದಾರೆ. ಆದರೆ ಹೀಗೆ ಗೆರೆ ಬಳಿಯುವವರು ಬಣ್ಣ ಹಿಡಿಯಲೆಂದು ಕೆಳಗಿನ ಹೊಳಪನ್ನು ಮೊದಲೇ ಉಜ್ಜಿ ಒರಟು ಮಾಡಿರುತ್ತಾರೆ, ಹಾಗಾಗಿ ಗೆರೆ ಹೋದ ಮೇಲೂ ಅದರ ಜಾಗ ಮಬ್ಬಾಗಿ ಕಾಣುವ ಸಂಭವವಿದೆ. ತಂದೆಯವರ ಕಾರೆಂದು ಬರೆದಿದ್ದೀರಿ. ಬಾಗಿಲಿಗೆ ಬಣ್ಣ ಬಳಿಸುವ ಸಂದರ್ಭ ತಾನಾಗಿ ಬರುವವರೆಗೆ ಆ ಗೆರೆಗಳನ್ನು ಹಾಗೆಯೇ ಬಿಡಿ ಎಂಬುದೇ ನನ್ನ ಸಲಹೆ.

ಪ್ರಶ್ನೆ: ಬಾನೆಟ್ ಮೇಲಿನ ಸ್ಟಿಕ್ಕರ್ ಪಟ್ಟಿ ಚೆನ್ನಾಗಿಯೇ ಬಂತು, ಅಂಟೂ ಹೋಯಿತು. ಆದರೆ ಪಟ್ಟಿ ಇದ್ದ ಜಾಗ ಗಾಢ ಕೆಂಪಾಗಿಯೂ ಸುತ್ತಲಿನದು ತೆಳು ಕೆಂಪಾಗಿಯೂ ಕಂಡು, ದೂರದಿಂದ ಪಟ್ಟಿ ಇನ್ನೂ ಇದ್ದಂತೆ ತೋರುತ್ತದೆ. ಆ ಜಾಗವನ್ನು ಕಾಂಪೌಂಡ್ (ಮೇಲ್ಮೈಯನ್ನು ತುಸು ಸವೆಸಿ ಹೊಳಪು ತರುವ ಪೇಸ್ಟ್) ಹಾಕಿ ಎಷ್ಟು ಉಜ್ಜಿದರೂ ವ್ಯತ್ಯಾಸ ಹೋಗುತ್ತಿಲ್ಲ.
- ಕಲಬುರಗಿಯ ಓದುಗರು

ಉತ್ತರ: ದಯವಿಟ್ಟು ಆ ಜಾಗವನ್ನು ಉಜ್ಜುವುದನ್ನು ಇಂದೇ ನಿಲ್ಲಿಸಿ. ಪಟ್ಟಿಯ ಅಡಿಯಲ್ಲಿದ್ದ ಗಾಢ ಕೆಂಪು ನಿಮ್ಮ ಕಾರಿನ ನಿಜವಾದ ಬಣ್ಣ. ಅದನ್ನು ಸ್ಟಿಕ್ಕರ್ ಇಷ್ಟು ವರ್ಷ ಬಿಸಿಲಿನಿಂದ ಕಾಪಾಡಿದೆ. ಕೆಟ್ಟಿರುವುದು ಸುತ್ತಲಿನದು, ಕೆಲಸ ಆಗಬೇಕಾದದ್ದೂ ಅಲ್ಲಿಯೇ. ನಿಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುವುದು ಸಹಜ, ಅದರಲ್ಲೂ ಕೆಂಪು ಬಣ್ಣ ಬೇಗ ಸೋಲುತ್ತದೆ.

ಮುಂದೇನು ಎಂಬುದನ್ನು ಒಂದು ಬಿಳಿ ಬಟ್ಟೆ ಹೇಳುತ್ತದೆ. ಪಟ್ಟಿಯ ಹೊರಗಿನ ತೆಳು ಕೆಂಪು ಭಾಗದಲ್ಲಿ ಅಂಗೈಯಗಲದ ಜಾಗಕ್ಕೆ ನಯವಾದ ಪಾಲಿಶ್ ಹಾಕಿ ಕೈಯಿಂದಲೇ ಉಜ್ಜಿ. ಬಟ್ಟೆಗೆ ಕೆಂಪು ಹತ್ತಿ, ಉಜ್ಜಿದ ಜಾಗ ಗಾಢವಾದರೆ ನಿಮ್ಮದು ಕ್ಲಿಯರ್ ಕೋಟ್ ಇಲ್ಲದ, ಒಂದೇ ಹಂತದ ಬಣ್ಣ. ಮೇಲಿನ ಸುಣ್ಣದಂಥ ಸತ್ತ ಪದರ ಹೋಗಿ ಕೆಳಗಿನ ಬಣ್ಣ ಹೊರಬಂದಿದೆ. ಇಡೀ ಬಾನೆಟ್ಟಿಗೆ, ಪಟ್ಟಿಯ ಜಾಗವೊಂದನ್ನು ಬಿಟ್ಟು, ಹಾಗೆಯೇ ಮಾಡಿದರೆ ವ್ಯತ್ಯಾಸ ಬಹುಪಾಲು ಮಾಯವಾಗುತ್ತದೆ. ಬಟ್ಟೆಗೆ ಬಣ್ಣ ಹತ್ತದೆ ಹೊಳಪು ಮಾತ್ರ ಹೆಚ್ಚಿದರೆ ಕ್ಲಿಯರ್ ಕೋಟ್ ಇದೆ ಎಂದರ್ಥ. ಆಗಲೂ ಮೇಲಿನ ಮಬ್ಬು ಹೋಗಿ ಎರಡೂ ಭಾಗಗಳು ಹತ್ತಿರ ಬರುತ್ತವೆ, ಆದರೆ ಕೆಳಗಿನ ಬಣ್ಣವೇ ಸೋತಿದ್ದರೆ ಪಾಲಿಶ್ ಅದನ್ನು ಮುಟ್ಟಲಾರದು. ಕ್ಲಿಯರ್ ಕೋಟ್ ಇರುವ ಕಾರೆಂದು ಖಚಿತವಾಗಿ ಗೊತ್ತಿದ್ದೂ ಬಟ್ಟೆಗೆ ಬಣ್ಣ ಹತ್ತಿದರೆ ಆ ಪದರ ಸವೆದುಹೋಗಿದೆ, ಅಲ್ಲಿಂದ ಮುಂದಕ್ಕೆ ಉಜ್ಜಬಾರದು. ನೀವು ಈಗಾಗಲೇ ಕಾಂಪೌಂಡ್ ಹಾಕಿ ಉಜ್ಜಿರುವುದರಿಂದ ಪಟ್ಟಿಯ ಜಾಗದಲ್ಲಿ ಎಷ್ಟು ಪದರ ಉಳಿದಿದೆ ಎಂಬುದನ್ನು ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟುಕೊಂಡ ಡೀಟೇಲಿಂಗ್ (ಕಾರಿನ ಮೈಗೆ ಪಾಲಿಶ್, ವ್ಯಾಕ್ಸ್ ಮಾಡುವ) ಅಂಗಡಿಯಲ್ಲಿ ಒಮ್ಮೆ ನೋಡಿಸಿ. ಬಾನೆಟ್ಟಿನ ನಾಲ್ಕಾರು ಕಡೆ ಅಳತೆ ತೆಗೆಸಿ, ಪಟ್ಟಿಯ ಜಾಗದ ಅಂಕಿ ಉಳಿದವುಗಳಿಗಿಂತ ತೀರ ಕಡಿಮೆ ಬಂದರೆ ಅಲ್ಲಿಗೆ ಇನ್ನು ವ್ಯಾಕ್ಸ್ ಮಾತ್ರ ಹಚ್ಚಿ, ಕಾಂಪೌಂಡ್ ಹಾಕಬೇಡಿ.