ಒಂದೂವರೆ ಎಕರೆಯಲ್ಲಿ ಟೊಮೆಟೊ ಇದೆ. ದಲ್ಲಾಳಿ ಇಲ್ಲದೆ ನೇರವಾಗಿ ಮಾರಲು ಯಾವ ಆ್ಯಪ್ ಒಳ್ಳೆಯದು?

ಇದೇ ಒಂದೂವರೆ ಎಕರೆ, ಇದೇ ಟೊಮೆಟೊ, ಮಂಡಿಯವರು ನೂರಕ್ಕೆ ಹತ್ತು ಕಮಿಷನ್ ಹಿಡಿಯುತ್ತಾರಲ್ಲ ಅನ್ನುವ ಇದೇ ಸಿಟ್ಟು ನನಗೂ ಇತ್ತು. ನಮ್ಮದು ಮುಳಬಾಗಿಲು ತಾಲ್ಲೂಕು. ಒಂದು ಕಂಪನಿ ಹತ್ತಿರದಲ್ಲೇ ರೈತರಿಂದ ಹಣ್ಣು ಕೊಳ್ಳುವ ಕಲೆಕ್ಷನ್ ಸೆಂಟರ್ ತೆರೆದಾಗ ಊರಲ್ಲಿ ಮೊದಲು ಅವರ ಆ್ಯಪ್ ಹಾಕಿಕೊಂಡವರಲ್ಲಿ ನಾನೂ ಒಬ್ಬ. ಹಿಂದಿನ ದಿನ ಸಂಜೆಯೇ ಮೊಬೈಲಿಗೆ ರೇಟು ಬರುತ್ತಿತ್ತು, ಅದೂ ಮಂಡಿಗಿಂತ ಜಾಸ್ತಿ. ಕಮಿಷನ್ ಇಲ್ಲ, ಎಲೆಕ್ಟ್ರಾನಿಕ್ ತೂಕ, ದುಡ್ಡು ಸೀದಾ ಬ್ಯಾಂಕಿಗೆ. ಇದರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಆದರೂ ಆ ಬೆಳೆಯಲ್ಲಿ ನನಗೆ ಸಾಲ ಉಳಿಯಿತು.

ಹಣ್ಣು ಆರಿಸುವುದು ಎಲ್ಲಿ ಅಂತ ನಾನು ಕೇಳಲಿಲ್ಲ. ತಪ್ಪು ಇಷ್ಟೇ. ಆ್ಯಪ್‌ನಲ್ಲಿ ಕಾಣುತ್ತಿದ್ದ ರೇಟು ಎ ಗ್ರೇಡ್‌ಗೆ ಮಾತ್ರ, ಆ ಗ್ರೇಡಿಂಗ್ ನಡೆಯುತ್ತಿದ್ದದ್ದು ಅವರ ಸೆಂಟರಿನಲ್ಲಿ. ಒಂದು ಸಲ ಕಿತ್ತ ಹಣ್ಣೆಲ್ಲ ಒಂದೇ ಥರ ಇರೋದಿಲ್ಲ ಅನ್ನೋದು ನಿಮಗೂ ಗೊತ್ತು. ಸಿಟಿಯ ಸೂಪರ್ ಮಾರ್ಕೆಟ್‌ಗೆ ಬೇಕಾದ್ದು ಮಧ್ಯಮ ಗಾತ್ರದ, ಗಟ್ಟಿ, ಈಗ ಬಣ್ಣ ತಿರುಗುತ್ತಿರುವ ಹಣ್ಣು. ಪೂರ್ತಿ ಕೆಂಪಾದದ್ದು, ಸಣ್ಣದು, ಮಳೆಗೆ ಸೀಳು ಬಿಟ್ಟದ್ದು, ಬಿಸಿಲಿಗೆ ಸುಟ್ಟದ್ದು ಎಲ್ಲ ವಾಪಸ್. ಮಂಡಿಯ ಹರಾಜಿನಲ್ಲಿ ಕೊಳ್ಳುವವನು ಇಡೀ ಲಾಟ್ ನೋಡಿ ಒಂದು ರೇಟು ಕೂಗುತ್ತಾನೆ. ಹೋಟೆಲಿನವನಿಗೆ ಕೆಂಪು ಬೇಕು, ದೂರದ ರಾಜ್ಯಕ್ಕೆ ಲಾರಿ ತುಂಬುವವನಿಗೆ ಕಾಯಿ ಬೇಕು, ಅಲ್ಲಿ ಎಲ್ಲಕ್ಕೂ ಗಿರಾಕಿ ಇದ್ದಾನೆ. ಸೆಂಟರಿನಲ್ಲಿ ಗಿರಾಕಿ ಒಬ್ಬನೇ.

ಲೆಕ್ಕ ಹಾಕಿ ನೋಡಿ. 100 ಬಾಕ್ಸ್ ಇದೆ, ಆ್ಯಪ್ ರೇಟು ಬಾಕ್ಸಿಗೆ 300, ಮಂಡಿ 240 ಅಂತ ಇಟ್ಟುಕೊಳ್ಳಿ. ಮಂಡಿಗೆ ಹಾಕಿದರೆ 24,000, ಕಮಿಷನ್ ಕಳೆದು 21,600. ಸೆಂಟರಿನವರು 60 ಬಾಕ್ಸ್ ತೆಗೆದುಕೊಂಡರೆ 18,000. ಬರೀ ಸಮಸಮ ಆಗಬೇಕಾದರೂ ಉಳಿದ 40 ಬಾಕ್ಸ್ ತಲಾ 90 ರೂಪಾಯಿಗೆ ಹೋಗಬೇಕು. ಹೋಗುತ್ತಿರಲಿಲ್ಲ. ಅವರು ಆರಿಸಿ ಮುಗಿಸುವ ಹೊತ್ತಿಗೆ ಬಿಸಿಲೇರಿ ಹರಾಜು ಮುಗಿದಿರುತ್ತಿತ್ತು. ಮತ್ತೆ ಗಾಡಿ ಬಾಡಿಗೆ. ಮಾರನೇ ದಿನ ಮಂಡಿಗೆ ಇಳಿಸಿದರೆ ಕೊಳ್ಳುವವರು ಒಂದು ಬಾಕ್ಸಿಗೆ ಕೈ ಹಾಕಿದ ಕೂಡಲೇ ಇದು ಆರಿಸಿ ಉಳಿದ ಮಾಲು ಅಂತ ಕಂಡುಹಿಡಿದು ಮುಂದಕ್ಕೆ ಹೋಗಿಬಿಡುತ್ತಿದ್ದರು. ನಾನು ರೇಟು ನೋಡಿದೆನೇ ಹೊರತು ಸರಾಸರಿ ನೋಡಲಿಲ್ಲ. ಇಡೀ ಸೀಸನ್ ಹಾಗೇ ಹಾಕಿದೆ. ಸಸಿ, ಕಡ್ಡಿ, ದಾರಕ್ಕೆ ಮುಂಗಡ ಕೊಡುತ್ತಿದ್ದ ಮಂಡಿಯವರಿಗೆ ಒಳ್ಳೆ ಹಣ್ಣು ಒಂದೂ ಹೋಗಲಿಲ್ಲ, ಮುಂದಿನ ಬೆಳೆಗೆ ಅವರು ಮುಂಗಡ ಇಲ್ಲ ಅಂದುಬಿಟ್ಟರು.

ರೇಟು ಬಿದ್ದಾಗ ಕಂಪನಿಯವರು ಇವತ್ತು ಇಷ್ಟೇ ಬಾಕ್ಸ್ ಸಾಕು ಅನ್ನುತ್ತಿದ್ದರು. ರೇಟು ಏರಿದಾಗ ನಮ್ಮವರೂ ಹಾಗೇ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದಾಗ ಸೆಂಟರಿನ ಫೋನ್ ಎತ್ತಿದವರು ನಮ್ಮೂರಲ್ಲಿ ಕಮ್ಮಿ.

ಅದಕ್ಕೇ ಹೇಳುತ್ತೇನೆ, ಯಾವ ಆ್ಯಪ್ ಅನ್ನುವ ಪ್ರಶ್ನೆಯೇ ಸರಿ ಇಲ್ಲ. ರೈತನಿಂದ ಕಮಿಷನ್ ಹಿಡಿಯುವುದು ಕಾನೂನಿಗೆ ವಿರುದ್ಧ, ಅದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಆದರೆ ಮಂಡಿಯವರು ಇಡೀ ಮಾಲು ಇಳಿಸಿಕೊಳ್ಳುತ್ತಾರೆ, ಅವತ್ತೇ ಲೆಕ್ಕದ ಚೀಟಿ ಬರೆದು ದುಡ್ಡು ಕೊಡುತ್ತಾರೆ, ಬೆಳೆಗೆ ಮೊದಲೇ ಸಾಲ ಕೊಡುತ್ತಾರೆ. ಈ ಮೂರರಲ್ಲಿ ಒಂದನ್ನೇ ಮಾಡುವ ಆ್ಯಪ್ ನಂಬಿಕೊಂಡು ಮಂಡಿ ಬಿಡಬೇಡಿ.

ಮೊಬೈಲ್, ಕಂಪ್ಯೂಟರಿನಿಂದ ರೈತನಿಗೆ ಒಳ್ಳೆಯದಾಗಿಲ್ಲ ಅಂತಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಇ-ಟೆಂಡರ್ ಇದೆ, ರಾಮನಗರದಲ್ಲಿ ರೇಷ್ಮೆಗೂಡಿಗೆ ಇ-ಹರಾಜು ಇದೆ. 2014ರಲ್ಲಿ ನಮ್ಮ ರಾಜ್ಯ ತಂದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರಲ್ಲಿ ಕೇಂದ್ರ ತಂದ ಇ-ನಾಮ್ ಅನ್ನುವ ಆನ್‌ಲೈನ್ ಕೃಷಿ ಮಾರುಕಟ್ಟೆ, ಎರಡರ ದಾರಿಯೂ ಇದೇ. ಅಲ್ಲಿ ಮಾರುಕಟ್ಟೆ ಹೋಗಿಲ್ಲ. ಮಾಲು ಕಣ್ಣೆದುರಿಗಿರುತ್ತದೆ, ಹತ್ತಾರು ಜನ ಪೈಪೋಟಿಯ ಮೇಲೆ ರೇಟು ಹಾಕುತ್ತಾರೆ. ಒಣಮೆಣಸಿನಕಾಯಿ ಆದರೆ ರೇಟು ಸರಿ ಬರದಿದ್ದಾಗ ಇಟ್ಟುಕೊಳ್ಳಲೂಬಹುದು. ಟೊಮೆಟೊ ಕಾಯುತ್ತದೆಯೇ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ವಾಟ್ಸಾಪ್‌ನಲ್ಲಿ ಮಾರುವ ಯೋಚನೆಯೂ ನಿಮಗೆ ಬಂದಿರುತ್ತದೆ. ಅವರಿಗೆ ಬರೀ ಟೊಮೆಟೊ ಸಾಲದು, ಸೊಪ್ಪು, ಬೀನ್ಸ್, ಈರುಳ್ಳಿ ಎಲ್ಲ ಬೇಕು. ಆಗ ನೀವು ತರಕಾರಿ ವ್ಯಾಪಾರಿ ಆಗುತ್ತೀರಿ, ತೋಟ ನೋಡುವವರು ಯಾರು?

ಆ್ಯಪ್ ಬೇಕೇ ಬೇಕು ಅಂದರೆ ಹಣ್ಣನ್ನು ನಿಮ್ಮ ಬದುವಿನ ಮೇಲೇ ಆರಿಸಿ. ಎ ಗ್ರೇಡ್ ಮಾತ್ರ ಸೆಂಟರಿಗೆ, ಉಳಿದದ್ದು ಅದೇ ಹೊತ್ತಿಗೆ ಬೇರೆ ಗಾಡಿಯಲ್ಲಿ ಮಂಡಿಗೆ, ಹರಾಜಿಗೆ ಮುಂಚೆ. ಒಬ್ಬರಿಗೆ ಎರಡು ಗಾಡಿ ಗಿಟ್ಟುವುದಿಲ್ಲ, ಅಕ್ಕಪಕ್ಕದ ನಾಲ್ಕು ಮನೆಯವರನ್ನು ಸೇರಿಸಿಕೊಳ್ಳಿ, ನಿಮ್ಮ ಕಡೆ ರೈತರೇ ಸೇರಿ ಕಟ್ಟಿದ ರೈತ ಉತ್ಪಾದಕ ಕಂಪನಿ ಇದ್ದರೆ ಇನ್ನೂ ಒಳ್ಳೆಯದು. ತೋಟಕ್ಕೇ ಬಂದು, ನಿಮ್ಮ ಮುಂದೆಯೇ ಆರಿಸಿ, ಅಲ್ಲೇ ತೂಕ ಬರೆದುಕೊಡುವ ಕಂಪನಿ ಸಿಕ್ಕರೆ ಧೈರ್ಯವಾಗಿ ಕೊಡಿ. ಅಲ್ಲಿಯವರೆಗೆ ಆ್ಯಪ್‌ನ ರೇಟು ನೋಡಬೇಡಿ. ಹತ್ತಿರದ ಸೆಂಟರಿನ ಮುಂದೆ ಒಂದು ಬೆಳಗ್ಗೆ ನಿಂತು, ರೈತರ ಗಾಡಿಗಳಲ್ಲಿ ಎಷ್ಟು ಬಾಕ್ಸ್ ವಾಪಸ್ ಹೋಗುತ್ತವೆ ಅಂತ ಎಣಿಸಿ.