ಕಾಸ್ಮಿಕ್ ಕಿರಣ: ಸಾವಿರಕ್ಕೆ ಒಂದು ಜಾಸ್ತಿ ಬಂದರೂ ಗೊತ್ತಾಗೋದು ಹೇಗೆ?

ಪ್ರಶ್ನೆ: ಕಾಸ್ಮಿಕ್ ಕಿರಣಗಳು (ಬಾಹ್ಯಾಕಾಶದಿಂದ ಭೂಮಿಗೆ ಬಂದು ಬೀಳುವ ಕಣಗಳು) ಬರುವ ದಿಕ್ಕುಗಳಲ್ಲಿ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಇದೆ ಎಂದು ಓದಿದೆ. ಗಾಳಿಯ ಒತ್ತಡ ಬದಲಾದರೇ ಎಣಿಕೆ ಅದಕ್ಕಿಂತ ಜಾಸ್ತಿ ಏರುಪೇರಾಗುತ್ತದೆ, ಅಲ್ವಾ? ಮತ್ತೆ ಇದನ್ನು ನಂಬುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಒತ್ತಡ ಏರಿದರೆ ಎಣಿಕೆ ಇಳಿಯುತ್ತದೆ. ಡಿಟೆಕ್ಟರ್, ಅಂದರೆ ಈ ಕಿರಣಗಳನ್ನು ಎಣಿಸುವ ಉಪಕರಣ, ಕೂಡ ಎಲ್ಲ ದಿಕ್ಕಿಗೂ ಒಂದೇ ಸಮ ಚುರುಕಾಗಿರುವುದಿಲ್ಲ. ಅದಕ್ಕೇ ಎರಡು ದಿಕ್ಕಿನ ಎಣಿಕೆಯನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸುವುದಿಲ್ಲ. ಭೂಮಿ ತಿರುಗುತ್ತದಲ್ಲ, ಅದನ್ನೇ ಬಳಸಿಕೊಳ್ಳುತ್ತಾರೆ. ಡಿಟೆಕ್ಟರಿನ ಒಂದೇ ಕಡೆಯ ನೋಟದ ಮುಂದೆ ಆಕಾಶದ ಒಂದು ಪಟ್ಟಿ ದಿನವಿಡೀ ಸಾಗಿ ಹೋಗುತ್ತದೆ. ಆ ಕಡೆ ಮಂದವಾಗಿದ್ದರೆ ಇಡೀ ಪಟ್ಟಿಗೂ ಅಷ್ಟೇ ಮಂದ, ಹಾಗಾಗಿ ಪಟ್ಟಿಯೊಳಗೆ ಕಾಣುವ ವ್ಯತ್ಯಾಸ ಅದರಿಂದ ಬಂದದ್ದಲ್ಲ. ಗಾಳಿಯ ಕಾಟಕ್ಕೆ ಇನ್ನೊಂದು ಉಪಾಯವಿದೆ: ಒಂದೇ ಹೊತ್ತಿನಲ್ಲಿ ಪೂರ್ವದಿಂದ ಬಂದ ಎಣಿಕೆಯಲ್ಲಿ ಪಶ್ಚಿಮದ್ದನ್ನು ಕಳೆಯುವುದು. ಒತ್ತಡ ಎರಡಕ್ಕೂ ಒಂದೇ ಆದ್ದರಿಂದ ಅದರ ಪ್ರಭಾವ ಬಹುಮಟ್ಟಿಗೆ ಹೊರಟುಹೋಗುತ್ತದೆ.

ನಿಜವಾದ ಜಾಣತನ ಇರುವುದು ದಿನಗಳ ಲೆಕ್ಕದಲ್ಲಿ. ನಕ್ಷತ್ರಗಳ ಲೆಕ್ಕದಲ್ಲಿ ಒಂದು ದಿನ ಎಂದರೆ ಸುಮಾರು 23 ಗಂಟೆ 56 ನಿಮಿಷ. ಹಾಗಾಗಿ ವರ್ಷಕ್ಕೆ ಸೂರ್ಯನ ದಿನ 365 ಆದರೆ ನಕ್ಷತ್ರದ ದಿನ 366. ಬಿಸಿಲು, ಒತ್ತಡದ ದಿನನಿತ್ಯದ ಏರಿಳಿತ 365ರ ತಾಳಕ್ಕೆ ಕುಣಿಯುತ್ತದೆ. ಆಕಾಶದ ದಿಕ್ಕಿಗೆ ಸೇರಿದ್ದು 366ರ ತಾಳಕ್ಕೆ. ಪೂರ್ತಿ ವರ್ಷಗಳ ದತ್ತಾಂಶ ಕೈಯಲ್ಲಿದ್ದರೆ ಎರಡೂ ಬೇರೆಯಾಗುತ್ತವೆ. ಅಷ್ಟಕ್ಕೇ ಬಿಡುವುದಿಲ್ಲ. ವರ್ಷಕ್ಕೆ 364 'ದಿನ' ಇದ್ದಂತೆ ಇನ್ನೊಂದು ಲೆಕ್ಕ ಹಾಕುತ್ತಾರೆ. ಅಂಥ ದಿನ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ. ಆದರೆ 365ರ ತಾಳದ ಏರಿಳಿತ ಋತುವಿಗೆ ತಕ್ಕಂತೆ ಹೆಚ್ಚುಕಡಿಮೆಯಾಗಿ 366ಕ್ಕೆ ನುಸುಳಿದ್ದರೆ 364ಕ್ಕೂ ನುಸುಳಿರುತ್ತದೆ. ಅಲ್ಲಿ ಏನಾದರೂ ಕಂಡರೆ ಕಳ್ಳ ಸಿಕ್ಕಿದ ಹಾಗೆ!

ಉತ್ತರ ಮೊದಲೇ ಗೊತ್ತಿರುವ ಒಂದು ಪರೀಕ್ಷೆಯೂ ಇದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಮಳೆಯಲ್ಲಿ ಓಡುವವರ ಎದೆಗೆ ಹನಿ ಜಾಸ್ತಿ ಬೀಳುವಂತೆ, ಭೂಮಿ ಮುನ್ನುಗ್ಗುವ ದಿಕ್ಕಿನಿಂದ ಕಿರಣಗಳು ಒಂಚೂರು ಜಾಸ್ತಿ ಸಿಗಬೇಕು. ಹತ್ತು ಸಾವಿರಕ್ಕೆ ಹೆಚ್ಚೆಂದರೆ 5ರಷ್ಟು, ಅದೂ ಸ್ಥಳೀಯ ಸೌರ ಸಮಯ ಬೆಳಗ್ಗೆ 6ರ ಸುಮಾರಿಗೆ. ಇದಕ್ಕೆ ಕಾಂಪ್ಟನ್-ಗೆಟ್ಟಿಂಗ್ ಪರಿಣಾಮ ಎನ್ನುತ್ತಾರೆ. ಇದು ಸರಿಯಾದ ಹೊತ್ತಿಗೆ ಸರಿಯಾದ ಅಳತೆಯಲ್ಲಿ ಕಂಡರೆ ಉಳಿದದ್ದನ್ನೂ ನಂಬಬಹುದು.

ಎಣಿಕೆ ಮಾತ್ರ ಕೋಟಿಗಟ್ಟಲೆ ಬೇಕು. 10 ಸಾವಿರ ಕಿರಣ ಎಣಿಸಿದರೆ ಆಕಸ್ಮಿಕ ಏರುಪೇರೇ ಶೇ 1. 100 ಕೋಟಿ ಎಣಿಸಿದರೆ ಅದು ಲಕ್ಷಕ್ಕೆ 3ರಷ್ಟಕ್ಕೆ ಇಳಿಯುತ್ತದೆ.

ಈ ವಿಧಾನಕ್ಕೆ ಒಂದು ಕುರುಡೂ ಇದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ, ಉತ್ತರ-ದಕ್ಷಿಣ ಉದ್ದಕ್ಕೆ ಇರುವ ವ್ಯತ್ಯಾಸ ಇದರಲ್ಲಿ ಕಾಣುವುದಿಲ್ಲ. ಮೆಕ್ಸಿಕೋದ ಹಾಕ್ (HAWC) ಮತ್ತು ದಕ್ಷಿಣ ಧ್ರುವದ ಐಸ್‌ಕ್ಯೂಬ್ ಎಂಬ ಎರಡು ಡಿಟೆಕ್ಟರುಗಳ ದತ್ತಾಂಶ ಸೇರಿಸಿ ಹೆಚ್ಚುಕಡಿಮೆ ಇಡೀ ಆಕಾಶದ ನಕ್ಷೆ ಮಾಡಿದಾಗಲೂ, ಆ ಉತ್ತರ-ದಕ್ಷಿಣ ವ್ಯತ್ಯಾಸವನ್ನು ನೇರವಾಗಿ ಅಳೆಯಲಾಗಲಿಲ್ಲ. ಬೇರೆ ಆಧಾರ ಹಿಡಿದು ಅಂದಾಜು ಮಾಡಬೇಕಾಯಿತು.