ಸೈಕಲ್ ಸಿನಿಮಾ ಹಬ್ಬಕ್ಕೆ ಮೊದಲು ಕುರ್ಚಿ, ಆಮೇಲೆ ಪರದೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕೆಲವು ಗೆಳೆಯರು ಸೇರಿ ಸೈಕಲ್ ಬಗ್ಗೆಯೇ ಎರಡು ದಿನದ ಸಿನಿಮಾ ಹಬ್ಬ ಮಾಡಬೇಕು ಅಂತಿದ್ದೀರಿ. ದುಡ್ಡು ಜಾಸ್ತಿ ಇಲ್ಲ. ಯಾವ ಸಿನಿಮಾ ಹಾಕಬೇಕು, ಪರ್ಮಿಷನ್ ಏನೇನು ಬೇಕು, ಜನ ಬರುತ್ತಾರಾ ಅಂತ ಕೇಳಿದ್ದೀರಿ. ನಾನು ಬನಶಂಕರಿ ಕಡೆಯವನು. ಆಫೀಸಿಗೆ ಸೈಕಲ್‌ನಲ್ಲೇ ಹೋಗುತ್ತೇನೆ. ಬಡಾವಣೆಯ ಸಿನಿಮಾ ಪ್ರದರ್ಶನಗಳಿಗೆ ಪ್ರೊಜೆಕ್ಟರ್, ವೈರು ಹೊತ್ತು ಓಡಾಡಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಯಾವ ಸಿನಿಮಾ ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಮೊದಲು ತೀರ್ಮಾನ ಮಾಡಿ. ಜಾಗ, ಸಮಯ, ಭಾಷೆ, ಸಿನಿಮಾ ಎಲ್ಲ ಅದರ ಹಿಂದೆಯೇ ಬರುತ್ತವೆ.

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರು ಎರಡು ಬಗೆ. ಭಾನುವಾರ ಕತ್ತಲಿರುವಾಗಲೇ ಎದ್ದು ಹೆಲ್ಮೆಟ್, ಜರ್ಸಿ ಹಾಕಿಕೊಂಡು ನಂದಿ ಬೆಟ್ಟದ ಕಡೆ ಹೊರಡುವವರು ಒಂದು ಬಗೆ. ಪೀಣ್ಯದ ಕಾರ್ಖಾನೆಗಳಲ್ಲಿ ಶಿಫ್ಟಿಗೆ ಹೋಗುವವರು, ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ಸೆಕ್ಯೂರಿಟಿಯವರು, ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು ಇನ್ನೊಂದು ಬಗೆ. ಮೊದಲನೆಯವರು ಕರೆದರೆ ಬರುತ್ತಾರೆ, ಊರಾಚೆ ಇದ್ದರೂ ಬರುತ್ತಾರೆ, ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾರೆ. ಎರಡನೆಯವರು ಸೈಕಲ್ ಮೇಲೆ ಎಷ್ಟೋ ಜಾಸ್ತಿ ಹೊತ್ತು ಕಳೆಯುತ್ತಾರೆ, ಆದರೆ ಅವರನ್ನು ಯಾರೂ ‘ಸೈಕ್ಲಿಸ್ಟ್’ ಅನ್ನುವುದಿಲ್ಲ, ಯಾರೂ ಕರೆಯುವುದೂ ಇಲ್ಲ. ಸಮುದಾಯದ ಹಬ್ಬ ಅಂತ ಹೆಸರಿಟ್ಟು ಮೊದಲನೆಯವರನ್ನಷ್ಟೇ ಕೂರಿಸಿದರೆ ಅದು ಕ್ಲಬ್ಬಿನ ಗೆಟ್-ಟುಗೆದರ್ ಆಗುತ್ತದೆ. ಅದೂ ತಪ್ಪೇನಲ್ಲ. ಆದರೆ ಅದಕ್ಕೆ ಇಷ್ಟೆಲ್ಲ ಓಡಾಟ ಬೇಕಾ?

ಇಬ್ಬರನ್ನೂ ಕೂರಿಸಬೇಕು ಅಂದರೆ ಹಾಲ್ ಒಂದೇ ಸಾಲದು. ಒಂದು ಸಂಜೆ ಬಯಲಲ್ಲಿ, ಒಂದು ಸಂಜೆ ಹಾಲ್‌ನಲ್ಲಿ ಇಟ್ಟುಕೊಳ್ಳಿ. ಹಾಲ್‌ಗೆ ಬನಶಂಕರಿ ಎರಡನೇ ಹಂತದ ಸುಚಿತ್ರಾ ಒಳ್ಳೆಯ ಬಾಗಿಲು. 1971ರಿಂದ ನಡೆಯುತ್ತಿರುವ ಫಿಲಂ ಸೊಸೈಟಿ ಅದು, ಸಿನಿಮಾ ನೋಡಲೆಂದೇ ಬರುವ ಜನ ಇದ್ದಾರೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಜರ್ಮನ್ ಸಾಂಸ್ಕೃತಿಕ ಕೇಂದ್ರ ಮ್ಯಾಕ್ಸ್ ಮ್ಯುಲ್ಲರ್ ಭವನ, ವಸಂತನಗರದ ಫ್ರೆಂಚ್ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್ ಕೂಡ ಕೇಳಿ ನೋಡಿ. ಬಯಲಿಗೆ ನಿಮ್ಮ ಬಡಾವಣೆಯ ಆಟದ ಮೈದಾನ ಅಥವಾ ಸರ್ಕಾರಿ ಶಾಲೆಯ ಅಂಗಳ ಸಾಕು. ಪೆಂಡಾಲ್, ಮೈಕ್ ಸೆಟ್, ಕುರ್ಚಿಗೆ ಹೊಸಬರನ್ನು ಹುಡುಕಬೇಡಿ. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಎಲ್ಲ ಸಾಮಾನು ತಂದು ಹಾಕುವ ಒಬ್ಬರು ಪ್ರತಿ ಏರಿಯಾದಲ್ಲೂ ಇರುತ್ತಾರೆ. ಕರೆಂಟ್ ಎಲ್ಲಿಂದ ಎಳೆಯಬೇಕು, ಸ್ಟೇಷನ್‌ನಲ್ಲಿ ಯಾರನ್ನು ನೋಡಬೇಕು ಅನ್ನೋದೂ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಕಾಲ ಅಂದರೆ ಜನವರಿ, ಫೆಬ್ರವರಿ. ನವೆಂಬರ್ ನಂಬಬೇಡಿ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಇಲ್ಲಿ ಮೂರು ದಿನ ಜಿಟಿಜಿಟಿ. ಜನವರಿಯಲ್ಲಿ ಆರೂಕಾಲರ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ. ಅರ್ಧ ಗಂಟೆ ಬಿಟ್ಟರೆ ಪರದೆ ಮೇಲೆ ಚಿತ್ರ ಸರಿಯಾಗಿ ಕಾಣುತ್ತದೆ. ಅದಕ್ಕೆ ಮೊದಲು ಹಾಕಿದರೆ ಎಂಥ ಪ್ರೊಜೆಕ್ಟರ್ ಇದ್ದರೂ ಬಿಳಿಚಿಕೊಂಡಿರುತ್ತದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಅಂದರೆ ನಿಮ್ಮ ಕೈಯಲ್ಲಿರುವುದು ಮೂರು ಗಂಟೆ. ಅದರಲ್ಲಿ ಅತಿಥಿಗಳ ಭಾಷಣ ಎಷ್ಟು ಕಡಿಮೆ ಮಾಡಬಹುದೋ ಅಷ್ಟು ಮಾಡಿ.

ಈಗ ಸಿನಿಮಾಗೆ ಬರೋಣ. ಶುರುವಿಗೆ ನನ್ನ ಆಯ್ಕೆ ಫ್ರಾನ್ಸಿನ ಲೂಮಿಯೇರ್ ಸಹೋದರರ 1895ರ ತುಣುಕು, ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು. ಒಂದು ನಿಮಿಷವೂ ಇಲ್ಲ. ಗೇಟಿನಿಂದ ಬರುವ ಗುಂಪಿನಲ್ಲಿ ಸೈಕಲ್ ಹಿಡಿದವರೂ ಇದ್ದಾರೆ. ಸಿನಿಮಾ ಹುಟ್ಟಿದ ವರ್ಷವೇ ಸೈಕಲ್ ಪರದೆ ಮೇಲಿತ್ತು, ಅದೂ ದುಡಿಯುವವರ ಕೈಯಲ್ಲಿ. ಪೀಣ್ಯದಿಂದ ಬಂದು ಕೂತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಎಲ್ಲರೂ ಹೇಳುವ ಹೆಸರೇ. ಆದರೂ ಹಾಕಿ. ಸೈಕಲ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ ಅನ್ನುವ ಕಷ್ಟ ಈ ಊರಲ್ಲಿ ಇನ್ನೂ ಹಳೆಯದಾಗಿಲ್ಲ. ಸತ್ಯಜಿತ್ ರಾಯ್ 1950ರಲ್ಲಿ ಲಂಡನ್‌ನಲ್ಲಿ ಇದನ್ನು ನೋಡಿಯೇ ‘ಪಥೇರ್ ಪಾಂಚಾಲಿ’ಯನ್ನು ಹೀಗೇ ಸ್ಟುಡಿಯೊ ಬಿಟ್ಟು ಹೊರಗೆ, ಹೊಸಬರನ್ನಿಟ್ಟು ಮಾಡಬಹುದು ಅಂದುಕೊಂಡರು. ಮಕ್ಕಳಿದ್ದರೆ ಸೌದಿಯ ‘ವಜ್ದಾ’ (2012). ರಿಯಾದ್‌ನ ಹುಡುಗಿಗೆ ಒಂದು ಹಸಿರು ಸೈಕಲ್ ಬೇಕು, ದುಡ್ಡಿಗಾಗಿ ಕುರಾನ್ ಪಠಣದ ಸ್ಪರ್ಧೆಗೆ ಸೇರುತ್ತಾಳೆ. ಹೆಂಗಸಾದ್ದರಿಂದ ನಿರ್ದೇಶಕಿ ಹೈಫಾ ಅಲ್-ಮನ್ಸೂರ್ ಬೀದಿಯ ದೃಶ್ಯಗಳನ್ನು ವ್ಯಾನಿನೊಳಗೆ ಕೂತು ವಾಕಿಟಾಕಿಯಲ್ಲಿ ನಿರ್ದೇಶಿಸಬೇಕಾಯಿತು. ಇದನ್ನು ಸಿನಿಮಾಗೆ ಮೊದಲೇ ಹೇಳಿಬಿಡಿ, ಜನ ಬೇರೆ ಕಣ್ಣಿನಿಂದ ನೋಡುತ್ತಾರೆ. ಪಕ್ಕದ ತಮಿಳಿನ ‘ಕುರಂಗು ಪೆಡಲ್’ (2024) ಸೈಕಲ್ ಕಲಿಯಲು ಒದ್ದಾಡುವ ಹುಡುಗನ ಕಥೆ. ಬಾರ್ ಕೆಳಗೆ ಕಾಲು ತೂರಿಸಿ ಅಪ್ಪನ ಸೈಕಲ್ ತುಳಿದವರೆಲ್ಲ ನಗುತ್ತಾರೆ. ಮಾತೇ ಕಡಿಮೆ ಇರೋದು ಬೇಕು ಅಂದರೆ ಫ್ರಾನ್ಸಿನ ಜಾಕ್ ತತಿಯ ‘ಜೂರ್ ದ ಫೆತ್’ (1949), ಹಳ್ಳಿಯ ಪೋಸ್ಟ್‌ಮ್ಯಾನ್‌ನ ಸೈಕಲ್ ಸರ್ಕಸ್. ರೇಸಿಂಗ್ ಸಾಕ್ಷ್ಯಚಿತ್ರಗಳನ್ನು ನಾನಾದರೆ ಹಾಲ್‌ನ ದಿನಕ್ಕೆ ಇಡುತ್ತೇನೆ. ಗೇರ್ ಬಗ್ಗೆ ಒಂದೂವರೆ ಗಂಟೆ ಮಾತಾಡಿದರೆ ಬಯಲಲ್ಲಿ ಕೂತ ಅಜ್ಜಿ ಎದ್ದು ಹೋಗುತ್ತಾರೆ, ಅದು ಅವರ ತಪ್ಪಲ್ಲ.

ಉದ್ದದ ಸಿನಿಮಾ ಎರಡು ದಿನಕ್ಕೆ ಎರಡೇ ಸಾಕು. ಉಳಿದದ್ದು ಕಿರುಚಿತ್ರ. ನ್ಯೂಯಾರ್ಕ್‌ನ ಬೈಸಿಕಲ್ ಫಿಲಂ ಫೆಸ್ಟಿವಲ್ ಗೊತ್ತಿರಬಹುದು. ಬಸ್ ಗುದ್ದಿ ಗಾಯಗೊಂಡಿದ್ದ ಬ್ರೆಂಟ್ ಬಾರ್ಬರ್ ಅನ್ನುವ ಸೈಕಲ್ ಸವಾರ 2001ರಲ್ಲಿ ಶುರು ಮಾಡಿದ್ದು. ಆಮೇಲೆ ಊರೂರು ಸುತ್ತಿತು. ಅವರೂ ಹೆಚ್ಚಾಗಿ ತೋರಿಸುವುದು ಕಿರುಚಿತ್ರಗಳನ್ನೇ.

ಹಬ್ಬದ ಜೀವ ಇರುವುದು ನಿಮ್ಮ ಏರಿಯಾದವರೇ ಮಾಡಿದ ಚಿತ್ರಗಳಲ್ಲಿ. ಎರಡು ತಿಂಗಳು ಮೊದಲೇ ‘ಮೂರು ನಿಮಿಷ, ಮೊಬೈಲ್‌ನಲ್ಲಿ, ಕನ್ನಡದಲ್ಲಿ’ ಅಂತ ಕರೆ ಕೊಡಿ. ವಿಷಯಕ್ಕೇನು ಬರ? ಎಂಟನೇ ಕ್ಲಾಸಿನ ಸರ್ಕಾರಿ ಸೈಕಲ್ ನೋಡಿ. 2006-07ರಲ್ಲಿ ಶುರುವಾದ ಯೋಜನೆ ಅದು. ಆ ಸೈಕಲ್ ತುಳಿದು ಹೈಸ್ಕೂಲ್ ಮುಗಿಸಿದ ಎಷ್ಟೋ ಹೆಣ್ಣುಮಕ್ಕಳು ಈಗ ಇದೇ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಅವರನ್ನು ಕೂರಿಸಿ ಮಾತಾಡಿಸಿದರೆ ಸಾಕು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಅಂದರೆ ಊರಿಗೆ ಊರೇ ನಿಲ್ಲುತ್ತದೆ. ಆ ಕಡೆಯಿಂದ ಬಂದವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆ ಕಂಬ ನೆಟ್ಟು ಮಾಡಿದ ಸೈಕಲ್ ಪಥ ಈಗ ಯಾವ ಸ್ಥಿತಿಯಲ್ಲಿದೆ ಅಂತ ಒಬ್ಬರು ತುಳಿದು ತೋರಿಸಲಿ. ಪಂಕ್ಚರ್ ಅಂಗಡಿ, ಗಂಟೆಗೆ ಇಷ್ಟು ಅಂತ ಕೊಡುತ್ತಿದ್ದ ಬಾಡಿಗೆ ಸೈಕಲ್, ಇದನ್ನೆಲ್ಲ ನೀವೇ ಸೇರಿಸಿಕೊಳ್ಳುತ್ತೀರಿ.

ಒಂದು ಭಾನುವಾರ ಅವರನ್ನೆಲ್ಲ ಕರೆದು ಅರ್ಧ ದಿನ ಹೇಳಿಕೊಡಿ. ಫೋನ್ ಅಡ್ಡ ಹಿಡಿಯಬೇಕು. ಹ್ಯಾಂಡಲ್‌ಗೆ ಫೋನ್ ಕಟ್ಟಿದರೆ ನಮ್ಮ ರಸ್ತೆಯಲ್ಲಿ ಬರುವುದು ಬರೀ ನಡುಕ. ಒಂದು ಕಡೆ ನಿಂತು ಸೈಕಲ್ ಹಾದುಹೋಗುವುದನ್ನು ತೆಗೆದರೆ ಚೆನ್ನಾಗಿರುತ್ತದೆ. ಹೊಸಬರ ಚಿತ್ರ ಕೆಡುವುದು ಕ್ಯಾಮೆರಾದಿಂದ ಅಲ್ಲ, ಶಬ್ದದಿಂದ. ಹಿಂದೆ ಬಿಎಂಟಿಸಿ ಹಾರ್ನ್ ಹೊಡೆಯುತ್ತಿರುವಾಗ ಮಾತು ಯಾರಿಗೆ ಕೇಳಬೇಕು? ಮಾತಾಡುವವರ ಅಂಗಿ ಜೇಬಿನಲ್ಲಿ ಇನ್ನೊಂದು ಫೋನ್ ರೆಕಾರ್ಡಿಂಗ್‌ಗೆ ಇಟ್ಟುಬಿಡಿ, ಅರ್ಧ ಸಮಸ್ಯೆ ಮುಗಿಯಿತು. ಸಿನಿಮಾ ಹಾಡು ಹಿನ್ನೆಲೆಗೆ ಹಾಕುವುದು ಬೇಡ, ಹಕ್ಕಿನ ತಕರಾರು. ಚಿತ್ರದಲ್ಲಿ ಕಾಣಿಸಿಕೊಂಡವರ ಒಪ್ಪಿಗೆ ಒಂದು ಸಾಲಲ್ಲಿ ಬರೆಸಿಕೊಳ್ಳಿ. ಆಮೇಲೆ ನೋಡಿ, ಪಂಕ್ಚರ್ ಅಂಗಡಿಯವರು ಮೂರು ನಿಮಿಷ ಪರದೆ ಮೇಲಿದ್ದರೆ ಅವರ ಮನೆಯವರು, ಪಕ್ಕದ ಬೇಕರಿಯವರು ಎಲ್ಲ ಬಂದು ಕೂರುತ್ತಾರೆ. ‘ಜನ ಬರುತ್ತಾರಾ’ ಅಂತ ಕೇಳಿದಿರಲ್ಲ, ಜನ ಬರುವುದು ಹೀಗೆ.

ಹಕ್ಕು, ಕಾಗದಪತ್ರದ ವಿಷಯ ಬೋರ್ ಹೊಡೆಸುತ್ತದೆ, ಆದರೆ ಬಿಡುವಂತಿಲ್ಲ. ನಿಮ್ಮ ಒಟಿಟಿ ಅಕೌಂಟ್ ಮನೆಯಲ್ಲಿ ನೋಡಲಿಕ್ಕೆ, ಮೈದಾನದಲ್ಲಿ ತೋರಿಸಲಿಕ್ಕಲ್ಲ. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳನ್ನು ಕಲಿಕೆಗಾಗಿ, ಟಿಕೆಟ್ ಇಲ್ಲದೆ ತೋರಿಸಲು ಬಿಡುತ್ತದೆ, ಯಾವುದಕ್ಕೆ ಅನ್ನೋದು ಅವರದೇ ಪಟ್ಟಿಯಲ್ಲಿರುತ್ತದೆ. ಉಳಿದಂತೆ ನಿರ್ಮಾಪಕರಿಗೋ ವಿತರಕರಿಗೋ ಮೇಲ್ ಹಾಕಿ, ಉಚಿತ ಪ್ರದರ್ಶನ, ಇಷ್ಟು ಕುರ್ಚಿ, ಈ ದಿನ ಅಂತ ಸ್ಪಷ್ಟವಾಗಿ ಬರೆದು ಕೇಳಬೇಕು. ಕಿರುಚಿತ್ರದವರು ಎಷ್ಟೋ ಸಲ ಸುಮ್ನೆ ಕೊಟ್ಟುಬಿಡುತ್ತಾರೆ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆದರೆ ಹಳೆಯದು ಅಂತ ಧೈರ್ಯ ಮಾಡಬೇಡಿ. ಕಥೆ, ಸಂಗೀತ, ಸಬ್‌ಟೈಟಲ್‌ನ ಹಕ್ಕು ಬೇರೆಯವರ ಹತ್ತಿರ ಇರಬಹುದು, ಕೇಳಿಯೇ ಹಾಕಿ. ಫ್ರೆಂಚ್, ಜರ್ಮನ್ ಸಿನಿಮಾಗಳಿಗೆ ಆಯಾ ಸಾಂಸ್ಕೃತಿಕ ಕೇಂದ್ರಗಳನ್ನು ಕೇಳಿದರೆ ದಾರಿ ಹತ್ತಿರ, ಇಂಥ ಪ್ರದರ್ಶನಕ್ಕೆಂದೇ ಅವರ ಬಳಿ ಸಂಗ್ರಹ ಇರುತ್ತದೆ.

1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಚಿತ್ರೋತ್ಸವಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡುತ್ತದೆ, ಚಿತ್ರಗಳ ಪಟ್ಟಿ, ಕಥಾಸಾರ ಎಲ್ಲ ಕೊಟ್ಟು ಮೊದಲೇ ಅರ್ಜಿ ಹಾಕಬೇಕು. ಇದಕ್ಕೇ ನಾನು ಫಿಲಂ ಸೊಸೈಟಿ ಜೊತೆ ಸೇರಿ ಅನ್ನುವುದು, ಅವರಿಗೆ ಈ ಅರ್ಜಿಗಳ ಅಭ್ಯಾಸ ಇದೆ. ಬಯಲಿಗೆ ಮೈದಾನದ ಒಪ್ಪಿಗೆ, ಪೊಲೀಸ್ ಸ್ಟೇಷನ್‌ನಿಂದ ಮೈಕ್ ಪರ್ಮಿಷನ್ ಬೇರೆ. ಕ್ಷೇಮಾಭಿವೃದ್ಧಿ ಸಂಘದ ಲೆಟರ್‌ಹೆಡ್‌ನಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ.

ಕನ್ನಡ ಸಬ್‌ಟೈಟಲ್ ಮಾಡಿಸಲೇಬೇಕು ಅನ್ನೋದು ನನ್ನ ಹಟ. ಒಂದೂವರೆ ಗಂಟೆಯ ಸಿನಿಮಾಗೆ ಇಬ್ಬರು ಕೂತರೆ ಕೆಲವು ಸಂಜೆಗಳ ಕೆಲಸ. ಅನುವಾದಕ್ಕೂ ಒಪ್ಪಿಗೆ ಬೇಕು, ಮೇಲ್‌ನಲ್ಲೇ ಕೇಳಿಬಿಡಿ. ಒಂದು ಸಲಕ್ಕೆ ಎರಡು ಸಾಲು, ಅದಕ್ಕಿಂತ ಹೆಚ್ಚಾದರೆ ನಿಧಾನ ಓದುವವರಿಗೆ ಕಷ್ಟ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅದಕ್ಕೆ ಸಬ್‌ಟೈಟಲ್ ಅನ್ನು ವಿಡಿಯೊದಲ್ಲೇ ಕೂರಿಸಿದ ಫೈಲ್ ಮಾಡಿ, ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರ್‌ನಲ್ಲಿ ಪೂರ್ತಿ ಓಡಿಸಿ ನೋಡಿ. ಓದಲು ಬಾರದವರೂ ಇರುತ್ತಾರೆ. ಗಟ್ಟಿ ಗಂಟಲಿನವರೊಬ್ಬರು ಮೈಕ್ ಹಿಡಿದು ಕಥೆ ಹೇಳುತ್ತಾ ಹೋದರೆ ಮಜವಾಗಿಯೇ ಇರುತ್ತದೆ.

‘ಸೈಕಲ್ ತುಳಿದು ಕರೆಂಟ್ ಮಾಡಿ ಪ್ರೊಜೆಕ್ಟರ್ ನಡೆಸೋಣ’ ಅಂತ ನಿಮ್ಮಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಚೆಂದದ ಯೋಚನೆ. ಸಾಮಾನ್ಯ ಜನ ಸತತವಾಗಿ ತುಳಿದರೆ ಸಿಗುವುದು 75ರಿಂದ 100 ವ್ಯಾಟ್, ಬಯಲಿಗೆ ಬೇಕಾದ ಪ್ರೊಜೆಕ್ಟರ್ ಒಂದೇ 250-300 ವ್ಯಾಟ್ ಎಳೆಯುತ್ತದೆ, ಸ್ಪೀಕರ್ ಬೇರೆ. ಲೂಮಿಯೇರ್ ತುಣುಕಿಗೆ ಮಕ್ಕಳಿಂದ ತುಳಿಸಿ. ಉಳಿದದ್ದಕ್ಕೆ ಬೆಸ್ಕಾಂ, ಜೊತೆಗೊಂದು ಜನರೇಟರ್.

ಇನ್ನು ಪಾರ್ಕಿಂಗ್. ಸೈಕಲ್ ಹಬ್ಬಕ್ಕೆ ಸೈಕಲ್‌ನಲ್ಲಿ ಬಂದವರನ್ನೇ ಗೇಟಿನಲ್ಲಿ ತಡೆದ ಹಾಲ್ ನೋಡಿದ್ದೇನೆ, ಕಾರುಗಳು ಮಾತ್ರ ಸಲೀಸಾಗಿ ಒಳಗೆ ಹೋಗುತ್ತಿದ್ದವು. ಬುಕ್ ಮಾಡುವಾಗಲೇ ಇದನ್ನು ಬರೆಸಿಕೊಳ್ಳಿ. ರೇಸಿಂಗ್ ಸೈಕಲ್‌ಗಳಿಗೆ ಸ್ಟ್ಯಾಂಡ್ ಇರುವುದಿಲ್ಲ. ಪೆಂಡಾಲ್‌ನವರಿಗೆ ಹೇಳಿ ಸೊಂಟದೆತ್ತರಕ್ಕೆ ಒಂದು ಸರ್ವೆ ಕಂಬ ಅಡ್ಡ ಕಟ್ಟಿಸಿದರೆ ಸೀಟಿನ ಮೂತಿ ಅದಕ್ಕೆ ಸಿಕ್ಕಿಸಿ ನಿಲ್ಲಿಸಬಹುದು. ನಂಬರ್ ಚೀಟಿ ಕೊಟ್ಟು ಕಾಯಲು ಇಬ್ಬರನ್ನು ಕೂರಿಸಿ. ಕಳ್ಳತನದ ಸಿನಿಮಾ ನೋಡಿ ಹೊರಬಂದವರ ಸೈಕಲ್ ಕಳೆದುಹೋದರೆ ನಿಮ್ಮ ಕಥೆ ಅಷ್ಟೇ.

ಪ್ರಚಾರಕ್ಕೆ ವಾಟ್ಸಾಪ್ ಇದ್ದೇ ಇದೆ. ಆದರೆ ಕನ್ನಡದ ಪೋಸ್ಟರ್ ಪಂಕ್ಚರ್ ಅಂಗಡಿ, ಹಾಲಿನ ಬೂತ್, ಪೇಪರ್ ಏಜೆಂಟರು ಬೆಳಗಿನ ಜಾವ ಪೇಪರ್ ಜೋಡಿಸುವ ಕಟ್ಟೆ, ಇಲ್ಲಿ ಅಂಟಿಸಿದರೆ ಆ ಎರಡನೇ ಬಗೆಯವರಿಗೆ ಮುಟ್ಟುತ್ತದೆ. ಭಾನುವಾರ ಸಂಜೆ ಅವರಿಗೂ ಬಿಡುವಿನ ಹೊತ್ತು, ಬಯಲಿನ ಪ್ರದರ್ಶನ ಅಂದೇ ಇಡಿ. ಅಕಸ್ಮಾತ್ ತಯಾರಿ ತಡವಾಗಿ ಏಪ್ರಿಲ್‌ಗೆ ಹೋದರೆ ಮಾತ್ರ, ದಿನ ಗೊತ್ತು ಮಾಡುವ ಮೊದಲು ಆರ್‌ಸಿಬಿ ಮ್ಯಾಚ್ ಯಾವತ್ತು ಅಂತ ನೋಡಿಕೊಳ್ಳಿ.